ಬೆಟ್ಟದ ಮೇಲಿನ ಮೊದಲ ವಾರ



ಕೆಲವು ವಾರಗಳ ಹಿಂದೆ ಒಂದು ರಾತ್ರಿ ನನ್ನ ತಮ್ಮನ ಮಗ ಫೋನ್ ಮಾಡಿದ. ತಿರುಪ್ಪೂರಿನ ಬನಿಯನ್ ಕಂಪನಿಯೊಂದರ ಕೆಲಸದ ಮೇಲೆ ದಕ್ಷಿಣ ಅಮೆರಿಕಕ್ಕೆ ಹೋದವನು, ಬೊಲಿವಿಯಾ ದೇಶದ ಲಾ ಪಾಸ್ ಪಟ್ಟಣದಲ್ಲಿ ಇಳಿದಿದ್ದ. "ದೊಡ್ಡಪ್ಪಾ, ತಲೆ ಸಿಡೀತಾ ಇದೆ. ಎರಡು ಮೆಟ್ಟಲು ಹತ್ತಿದರೆ ಮೂರನೇದಕ್ಕೆ ಉಸಿರಿಲ್ಲ. ಇಲ್ಲಿ ಜನ ಹೇಗೆ ಬಾಳ್ತಾರೋ!" ಎಂದ.

ಅವನು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಅಲ್ಲಿ ವಿಮಾನ ಇಳಿಯುವ ಬಯಲೇ 4,000 ಮೀಟರಿಗೂ ಮೇಲೆ. ಪಟ್ಟಣ ಅದರ ಕೆಳಗೆ, ದೊಡ್ಡ ಬಾಣಲೆಯ ಹಾಗಿರುವ ಕಣಿವೆಯಲ್ಲಿ, ಸುಮಾರು 3,600 ಮೀಟರಿನಲ್ಲಿದೆ. ಇಟ್ಟಿಗೆಯ ಮನೆಗಳು ಒಂದರ ತಲೆಯ ಮೇಲೊಂದು ಕೂತಂತೆ ಇಳಿಜಾರಿನ ತುಂಬ. ಉಳ್ಳವರು ಕೆಳಗೆ ಚಳಿ ಕಡಿಮೆ ಇರುವ ಕಡೆ, ಇಲ್ಲದವರು ಮೇಲೆ. 2014ರಿಂದ ಮನೆಗಳ ಮೇಲೆಯೇ ತಂತಿಯಲ್ಲಿ ತೂಗುವ ಡಬ್ಬಿಗಳು ಬಸ್ಸಿನ ಹಾಗೆ ಓಡಾಡುತ್ತಿವೆಯಂತೆ. ಹೊಸಬರಿಗೆ ಕೋಕಾ ಎಲೆಯ ಕಷಾಯ ಕೊಡುತ್ತಾರೆ. ದುಂಡು ಟೋಪಿ ಇಟ್ಟು ಅಗಲವಾದ ಲಂಗ ತೊಟ್ಟ ಹೆಂಗಸರು ಸಂತೆಯಲ್ಲಿ ತಮ್ಮೊಳಗೆ ಐಮಾರಾ ಭಾಷೆ ಆಡುತ್ತಾರೆ, ಅಂಗಡಿಗೆ ಬಂದವರೊಡನೆ ಸ್ಪ್ಯಾನಿಷ್.

ಈ ಕೊನೆಯ ಮಾತು ಕೇಳಿದ್ದೇ ನನಗೆ 1986ರ ಜನವರಿ ನೆನಪಾಯಿತು. "ಒಂದು ವಾರ ತಾಳು ಮಗನೇ. ನಿಧಾನ ನಡೆ, ನೀರು ಹೆಚ್ಚು ಕುಡಿ, ತಲೆನೋವು ಹೆಚ್ಚಾದರೆ ಕೆಳಗೆ ಇಳಿದುಬಿಡು" ಎಂದೆ. ನಾನು ಲಾ ಪಾಸ್ ಕಂಡವನಲ್ಲ. ಕಂಡದ್ದು ಊಟಿ. ಎತ್ತರದಲ್ಲಿ ಅದರ ಮುಂದೆ ಇದು ಮೊಮ್ಮಗು.

ನಮ್ಮದು ಉಡುಮಲೈ ಕಡೆಯ ಹಳ್ಳಿ. ಈಗ ಅದು ತಿರುಪ್ಪೂರು ಜಿಲ್ಲೆ. 2009ಕ್ಕೆ ಮುಂಚೆ ಕೊಯಮತ್ತೂರು ಜಿಲ್ಲೆ. ನಾವು ದೇವಾಂಗದವರು, ಮನೆಮಾತು ಕನ್ನಡ, ಮನೆ ತುಂಬ ಮಗ್ಗದ ಸದ್ದು. ಓದಿದ್ದು ಹತ್ತನೆಯ ತರಗತಿಯವರೆಗೆ, ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿತದ್ದು ಬ್ಯಾಂಕಿನ ಕೆಲಸಕ್ಕೆ ಸೇರಿದ ಮೇಲೆ, ಸ್ವಂತ ಹಟದಿಂದ. ಶಾಲೆಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ನಾನು ಕನ್ನಡದವನು ಎಂದು ಬಾಯಿಬಿಟ್ಟು ಹೇಳಿದವನಲ್ಲ. ಯಾರೂ ತಡೆದಿರಲಿಲ್ಲ, ಸಂಕೋಚ ನನ್ನದೇ. ನಿಮ್ಮಲ್ಲಿ ಹಲವರಿಗೆ ಇದು ಗೊತ್ತಿರುವ ಸಂಕೋಚವೇ.

ಊಟಿಗೆ ವರ್ಗವಾಯಿತು. ಒಂದು ತಗಡಿನ ಪೆಟ್ಟಿಗೆ, ಎರಡು ಹತ್ತಿ ಅಂಗಿ, ಅಮ್ಮ ಕಟ್ಟಿಕೊಟ್ಟ ಬುತ್ತಿ, ಸ್ವೆಟರ್ ಇಲ್ಲ. ಮೆಟ್ಟುಪಾಳ್ಯದಲ್ಲಿ ಬೆಳಿಗ್ಗೆ ಬೆಟ್ಟದ ರೈಲು ಹತ್ತಿದೆ. ಅಲ್ಲಿ ನೆಲ 326 ಮೀಟರ್ ಎತ್ತರ. 46 ಕಿಲೋಮೀಟರ್ ಹೋಗಲು ಸುಮಾರು ಐದು ಗಂಟೆ. ಕಲ್ಲಾರಿನಿಂದ ಮುಂದೆ ಎರಡು ಹಳಿಗಳ ನಡುವೆ ಹಲ್ಲಿನ ಕಂಬಿ. ಉಗಿಯಂತ್ರದ ಹಲ್ಲುಗಾಲಿ ಅದಕ್ಕೆ ಕಚ್ಚಿಕೊಂಡು ಹತ್ತುತ್ತದೆ. ಯಂತ್ರ ಮುಂದೆ ಇರುವುದಿಲ್ಲ, ಹಿಂದಿನಿಂದ ದೂಡುತ್ತದೆ. ಕುನ್ನೂರಿನವರೆಗೆ ಈ ದಾರಿ 1899ರಲ್ಲೇ ತೆರೆಯಿತು, ಊಟಿಯವರೆಗೆ 1908ರಲ್ಲಿ. 2005ರಲ್ಲಿ ಇದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಂದು ನನಗೆ ಕಂಡದ್ದು ಮಾತ್ರ ಅಡಿಕೆ ತೋಟ ಮುಗಿದು ಕಾಡು, ಕಾಡು ಮುಗಿದು ಚಹಾ, ಆಮೇಲೆ ನನ್ನ ಬಾಯಿಂದಲೇ ಬರುತ್ತಿದ್ದ ಹೊಗೆ.

ಮರುದಿನ ಬೆಳಿಗ್ಗೆ ಬಾಡಿಗೆ ಕೋಣೆಯ ಬಾಗಿಲು ತೆರೆದರೆ ಹುಲ್ಲೆಲ್ಲ ಬಿಳಿ. ನೇಕಾರರ ಮನೆಯ ಬುದ್ಧಿ ನೋಡಿ, ಯಾರೋ ಹಾಸಿಗೆ ಹಚ್ಚುವ ಗಂಜಿಯನ್ನು ರಾತ್ರಿ ಇಲ್ಲಿ ಚೆಲ್ಲಿದ್ದಾರೆ ಎಂದುಕೊಂಡೆ! ಹಾಸು ಎಂದರೆ ಮಗ್ಗದ ಉದ್ದದ ನೂಲು, ಮಲಗುವ ಹಾಸಿಗೆಯಲ್ಲ. ಮುಟ್ಟಿದಾಗ ಗೊತ್ತಾಯಿತು, ಅದು ಹೆಪ್ಪುಗಟ್ಟಿದ ಇಬ್ಬನಿ.

ಬ್ಯಾಂಕಿಗೆ ಒಂದು ಏರು. ಮೂರು ಕಡೆ ನಿಂತು, ಅಂಗಡಿಯ ಬೋರ್ಡು ಓದುವವನ ಹಾಗೆ ನಟಿಸಿ ಉಸಿರು ತೆಗೆದುಕೊಂಡೆ. ಊಟಿ 2,240 ಮೀಟರ್. ಅಲ್ಲಿ ಗಾಳಿಯ ಒತ್ತಡ ಕಡಲ ಮಟ್ಟದ ಮುಕ್ಕಾಲು ಭಾಗದಷ್ಟು. ಲಾ ಪಾಸ್‌ನಲ್ಲಿ ಮೂರರಲ್ಲಿ ಎರಡು ಭಾಗ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ಒಂದೇ, ಆದರೆ ಗಾಳಿಯೇ ತೆಳು. ಹಾಗಾಗಿ ಒಂದು ಉಸಿರಿಗೆ ಸಿಗುವುದು ಕಡಿಮೆ. ವಾರಗಟ್ಟಲೆ ಅಲ್ಲಿದ್ದರೆ ದೇಹವೇ ಕೆಂಪು ರಕ್ತಕಣಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಇದೇ ಕಾರಣಕ್ಕೆ ನನ್ನ ತೊಗರಿಬೇಳೆಯೂ ಬೇಯಲಿಲ್ಲ. ನೀರು ಅಲ್ಲಿ ಸುಮಾರು 93 ಡಿಗ್ರಿಗೇ ಕುದಿಯುತ್ತದೆ, ಲಾ ಪಾಸ್‌ನಲ್ಲಿ 88ಕ್ಕೆ. ಒಂದು ಗಂಟೆ ಕಾದು, ಕಲ್ಲಿನಂಥ ಬೇಳೆ ತಿಂದು ಮಲಗಿದೆ. ಮೊದಲ ಸಂಬಳದಲ್ಲಿ ಕೊಂಡದ್ದು ಸ್ವೆಟರ್ ಅಲ್ಲ, ಪ್ರೆಷರ್ ಕುಕ್ಕರ್.

ಈಗ ನಾಲ್ಕನೆಯ ದಿನಕ್ಕೆ ಬರುತ್ತೇನೆ. ಹೇಳಲು ಇಂದಿಗೂ ನಾಚಿಕೆ.

ಕೌಂಟರಿಗೆ ಒಬ್ಬ ಮುದುಕರು ಬಂದರು. ಬಿಳಿ ಪಂಚೆ, ಬಿಳಿ ಹೊದಿಕೆ, ತಲೆಗೆ ಬಿಳಿ ಮುಂಡಾಸು. ಹೆಬ್ಬೆಟ್ಟಿನ ಖಾತೆ. ಗುರುತು ಹೇಳಲು ಯಾರನ್ನಾದರೂ ಕರೆದುಕೊಂಡು ಬನ್ನಿ ಎಂದು ತಮಿಳಿನಲ್ಲಿ ಹೇಳಿದೆ. ಅವರು ಕದಲಲಿಲ್ಲ. ಮತ್ತೆ ಹೇಳಿದೆ, ಸ್ವಲ್ಪ ಜೋರಾಗಿ. ತಲೆನೋವು ಬೇರೆ. ಯಾರಿಗೂ ತಿಳಿಯದು ಎಂಬ ಧೈರ್ಯದಲ್ಲಿ ಮನೆಮಾತಿನಲ್ಲಿ ಗೊಣಗಿದೆ: "ಈ ಮುದುಕನ ತಲೆಗೆ ಏನು ಹೇಳಿದರೂ ಹೋಗಲ್ಲ."

ಮುದುಕರು ನನ್ನನ್ನೇ ನೋಡಿದರು. ತಲೆಗೆ ಹೋಯಿತು, ಕಾಲಿಗೆ ನೋವು, ಹಳ್ಳಿಗೆ ಹೋಗಿ ಬರಲು ಆಗದು, ಅದಕ್ಕೇ ನಿಂತಿದ್ದೇನೆ ಎಂದರು. ಅವರ ಮಾತಿನಲ್ಲೇ ಹೇಳಿದರು. ನನ್ನಮ್ಮನ ಕನ್ನಡವಲ್ಲ ಅದು, ಅದರ ದಾಯಾದಿ. ಆದರೆ ಒಂದು ಮಾತೂ ನನಗೆ ತಪ್ಪಲಿಲ್ಲ. ನನ್ನ ಗೊಣಗಾಟವೂ ಅವರಿಗೆ ತಪ್ಪಿರಲಿಲ್ಲ.

ಅವರು ಬಡಗರು. ಬಡಗು ಎಂದರೆ ಉತ್ತರ. ಬಡಗಿನಿಂದ, ಮೈಸೂರಿನ ಕಡೆಯಿಂದ ಬಂದವರೆಂದು ಆ ಹೆಸರು. ನಾಲ್ಕು ದಿನದಿಂದ ದೊಡ್ಡಬೆಟ್ಟ ಎಂಬ ಹೆಸರನ್ನು ಬಸ್ಸುಗಳ ಮೇಲೆ ಇಂಗ್ಲಿಷಿನಲ್ಲಿ ಓದುತ್ತಿದ್ದೆ. 2,637 ಮೀಟರಿನ ದೊಡ್ಡ ಬೆಟ್ಟವದು, ಹೆಸರೂ ಅಷ್ಟೇ, ನಮ್ಮಜ್ಜಿ ಇಟ್ಟ ಹಾಗೆ. ಹಳ್ಳಿಗೆ ಹಟ್ಟಿ. ಎಲ್ಲನಹಳ್ಳಿ ಅಲ್ಲೇ ಇದೆ. ಕಣ್ಣಿಗೆ ಕಂಡದ್ದು ಕಿವಿಗೆ ಕೇಳಿರಲಿಲ್ಲ. ಒಂದು ಮಾತು ಸೇರಿಸಬೇಕು. ಬಡಗರಲ್ಲಿ ಹಲವರು ತಮ್ಮದು ಬೇರೆಯೇ ಭಾಷೆ, ಕನ್ನಡದ ಬಾಲವಲ್ಲ ಎನ್ನುತ್ತಾರೆ. ಆಡುವವರ ಮಾತೇ ಮೇಲು. ನಾನು ವಾದಿಸಲು ಹೋಗುವುದಿಲ್ಲ.

ಅಂದು ಎದ್ದು ಹೊರಗೆ ಬಂದು ಕೈಮುಗಿದು, ತಪ್ಪಾಯಿತು ಎಂದೆ, ಕನ್ನಡದಲ್ಲೇ. ಇಡೀ ಬ್ಯಾಂಕು ಕೇಳಿತು. ನಮ್ಮಲ್ಲಿ ಅಟೆಂಡರ್ ಆಗಿದ್ದವರು ಅವರ ಗುರುತು ಹಿಡಿದು ಸಾಕ್ಷಿ ಹಾಕಿದರು. ಹಣ ಎಣಿಸಿಕೊಂಡು ಮುದುಕರು, ನೀನು ಯಾರ ಮಗ ಎಂದು ಕೇಳಿದರು. ನೇಕಾರರ ಮಗ ಎಂದೆ. ಅವರ ಮುಖ ಅರಳಿತು. ಅದು ಹೆತ್ತೆ ಹಬ್ಬದ ಕಾಲ. ಹಿಂದೆ ಹೆತ್ತಮ್ಮನಿಗೆ ಉಡಿಸುವ ಬಟ್ಟೆ ನೇಯಲು ಬಯಲಿನಿಂದ ನೇಕಾರರು ಮಗ್ಗ ಹೊತ್ತು ಬೆಟ್ಟ ಹತ್ತಿ ಬರುತ್ತಿದ್ದರು, ಗುಡಿಯ ಹತ್ತಿರವೇ ಕೂತು ನೇಯುತ್ತಿದ್ದರು ಎಂದು ತಮ್ಮ ಹಿರಿಯರು ಹೇಳಿದ್ದನ್ನು ನನಗೆ ಹೇಳಿದರು. ರೈಲಿಲ್ಲದ ಕಾಲದಲ್ಲಿ, ಅದೇ ತೆಳು ಗಾಳಿಯಲ್ಲಿ!

ಮುಂದಿನ ವಾರ ಒಂದು ಚೀಲ ಆಲೂಗಡ್ಡೆ ತಂದುಕೊಟ್ಟರು. ಆ ಗಡ್ಡೆಯ ತವರು ಎಲ್ಲಿ ಗೊತ್ತೇ? ನನ್ನ ತಮ್ಮನ ಮಗ ನಿಂತಿದ್ದ ಆಂಡಿಸ್ ಬೆಟ್ಟಸಾಲು. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲ್ಲಿವನ್ 1819ರಲ್ಲಿ ಈ ಬೆಟ್ಟ ಹತ್ತಿದ ನಂತರದ ದಿನಗಳಲ್ಲಿ ಅದು ಇಲ್ಲಿ ನೆಲೆ ಕಂಡಿತು. ಮಲೇರಿಯಾ ಜ್ವರಕ್ಕೆ ಕ್ವಿನೈನ್ ಕೊಡುವ ಸಿಂಕೋನಾ ಮರವೂ ಆಂಡಿಸಿನದೇ. 1860ರ ಸುಮಾರಿಗೆ ಮಾರ್ಕಮ್ ಎಂಬಾತನ ಮುಂದಾಳುತನದಲ್ಲಿ ಹಡಗು ಹತ್ತಿ ನೀಲಗಿರಿಗೆ ಬಂತು. ಗಡ್ಡೆಯ ಬೇರಿಗೆ ಹತ್ತುವ ಹುಳುವೂ ಅಲ್ಲಿಯದೇ, 1961ರಲ್ಲಿ ಊಟಿಯಲ್ಲಿ ಪತ್ತೆಯಾಯಿತು. ನೆಂಟರು ಬಂದರೆ ಜೊತೆಗೆ ಇಂಥವರೂ ಬರುತ್ತಾರೆ.

ಎಂಟು ದಿನ ಬಿಟ್ಟು ಹುಡುಗ ಮತ್ತೆ ಫೋನ್ ಮಾಡಿದ. ತಲೆನೋವು ಹೋಗಿದೆ, ಸಂತೆಯ ಅಜ್ಜಿಯೊಬ್ಬಳು ಐಮಾರಾದಲ್ಲಿ ಎರಡು ಮಾತು ಕಲಿಸಿದ್ದಾಳೆ ಎಂದ. "ನೀನು ಅವಳಿಗೆ ಏನು ಕಲಿಸಿದೆ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಆಲೂಗಡ್ಡೆ ಅನ್ನೋದನ್ನ ಕನ್ನಡದಲ್ಲಿ ಹೇಳಿಕೊಟ್ಟೆ ದೊಡ್ಡಪ್ಪಾ. ಅವಳ ಬಾಯಲ್ಲಿ 'ಡ್ಡೆ' ಹೊರಳಲೇ ಇಲ್ಲ" ಎಂದು ನಕ್ಕ.