ಒತ್ತಡವನ್ನರಿಯುವ ಹಾಸು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನು ಸಭೆಯಲ್ಲಿ ಎದ್ದು ನಿಂತನೆಂದರೆ ಕಾವ್ಯವನ್ನೋ ವ್ಯಾಕರಣವನ್ನೋ ಕುರಿತು ನಾಲ್ಕು ಮಾತು ಹೇಳುವನೆಂದು ತಾವು ನಿರೀಕ್ಷಿಸುವುದು ಸಹಜ. ಇಂದು ನಾವು ಆ ವಾಡಿಕೆಯನ್ನು ಬಿಟ್ಟು, ಮೈಯ ಮೇಲೆ ಬೀಳುವ ಒತ್ತಡವನ್ನೂ ಅದನ್ನು ಅಳೆದು ತೋರಿಸುವ ಉಪಕರಣಗಳನ್ನೂ ಕುರಿತು ಮಾತನಾಡಲು ಅಪ್ಪಣೆ ಬೇಡುತ್ತೇವೆ. ವಿಷಯವು ವಿಜ್ಞಾನದ್ದಾದರೂ ಅದು ನಮ್ಮ ಮನೆಗಳ ಒಳಕೋಣೆಗೆ ಸೇರಿದ್ದು; ನಮ್ಮ ನುಡಿಗೂ ಸೇರಿದ್ದು.

ಒತ್ತು ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಒಂದನೆಯ ತರಗತಿಯ ಮಗುವಿಗೂ ಒತ್ತಕ್ಷರದ ಪರಿಚಯವಿದೆ. ಶ್ಯಾವಿಗೆ ಒತ್ತುತ್ತೇವೆ, ಮುದ್ರೆ ಒತ್ತುತ್ತೇವೆ, ದಣಿದ ಹಿರಿಯರ ಕಾಲು ಒತ್ತುತ್ತೇವೆ. ಭೌತಶಾಸ್ತ್ರವು ಈ ಮಾತಿಗೆ ಒಂದು ಅಳತೆಯನ್ನು ಕೊಟ್ಟಿದೆ. ಬಲವನ್ನು ಅದು ಬೀಳುವ ವಿಸ್ತೀರ್ಣದಿಂದ ಭಾಗಿಸಿದರೆ ದೊರೆಯುವುದೇ ಒತ್ತಡ. ತುಂಬಿದ ಚೀಲದ ಹಿಡಿ ಅಗಲವಾಗಿದ್ದರೆ ಕೈಗೆ ನೋವಿಲ್ಲ. ಸಣ್ಣ ಹುರಿಯಾದರೆ ಅದೇ ಭಾರವು ಅಂಗೈಯನ್ನು ಕೊಯ್ಯುತ್ತದೆ. ಭಾರ ಬದಲಾಗಲಿಲ್ಲ, ಅದು ನಿಂತ ಜಾಗ ಕಿರಿದಾಯಿತು, ಅಷ್ಟೆ.

ಇದನ್ನು ಅಳೆಯುವ ಬಗೆ ಹಲವು. 1880ರಲ್ಲಿ ಫ್ರಾನ್ಸಿನ ಜಾಕ್ ಕ್ಯೂರಿ ಮತ್ತು ಪಿಯೆರ್ ಕ್ಯೂರಿ ಎಂಬ ಸೋದರರು, ಸ್ಫಟಿಕದಂತಹ ಕೆಲವು ಹರಳುಗಳನ್ನು ಅದುಮಿದಾಗ ಅವುಗಳಲ್ಲಿ ವಿದ್ಯುತ್ತು ತೋರುವುದೆಂದು ಕಂಡುಹಿಡಿದರು. ಈ ಗುಣಕ್ಕೆ ಪೀಜೋ ವಿದ್ಯುತ್ತು ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಆ ಧಾತುವಿನ ಅರ್ಥವೂ ಒತ್ತು ಎಂದೇ. ಇಂದಿನ ಹಾಸುಗಳಲ್ಲಿ ಇನ್ನೂ ಸುಲಭವಾದ ಉಪಾಯಗಳಿವೆ. ಎರಡು ತೆಳು ಹಾಳೆಗಳಲ್ಲಿ, ಒಂದರಲ್ಲಿ ಅಡ್ಡಲಾಗಿ ಮತ್ತೊಂದರಲ್ಲಿ ಉದ್ದಲಾಗಿ, ವಿದ್ಯುತ್ತು ಹರಿಯುವ ಪಟ್ಟಿಗಳನ್ನು ಹಾಯಿಸಿ, ನಡುವೆ ಅದುಮಿದಷ್ಟೂ ವಿದ್ಯುತ್ತಿಗೆ ಹೆಚ್ಚು ದಾರಿ ಬಿಡುವ ಪದರವನ್ನು ಇಡುತ್ತಾರೆ. ಅಡ್ಡ 16, ಉದ್ದ 16 ಪಟ್ಟಿಗಳಿದ್ದರೆ ಅವು ಕೂಡುವ 256 ಸ್ಥಾನಗಳಲ್ಲಿ ಒತ್ತಡ ತಿಳಿಯುತ್ತದೆ. ಗಣಕವು ಆ ಅಂಕಿಗಳನ್ನು ಬಣ್ಣಕ್ಕೆ ತಿರುಗಿಸುತ್ತದೆ. ಒತ್ತಡ ಕಡಮೆಯಿದ್ದಲ್ಲಿ ನೀಲಿ, ಹೆಚ್ಚಿದ್ದಲ್ಲಿ ಕೆಂಪು.

ತಮ್ಮ ಕಿಸೆಯಲ್ಲಿರುವ ಮೊಬೈಲಿನ ಗಾಜೂ ಹೀಗೆಯೇ ತಾನೆ ಎಂದು ಯಾರಾದರೂ ಕೇಳಬಹುದು. ಅಲ್ಲ. ಅದು ಬೆರಳು ಎಲ್ಲಿ ತಗಲಿತೆಂಬುದನ್ನು ಬಲ್ಲುದೇ ಹೊರತು ಎಷ್ಟು ಒತ್ತಿತೆಂಬುದನ್ನಲ್ಲ. ಇಂಗ್ಲೆಂಡಿನ ಇ. ಎ. ಜಾನ್ಸನ್ ಎಂಬವರು 1965ರಲ್ಲಿ ವಿವರಿಸಿದ ಸ್ಪರ್ಶಪಟಲದ ತತ್ತ್ವವೂ ಇದೇ. ಬೆರಳು ಸೋಕಿದೊಡನೆ ಆ ಸ್ಥಾನದ ವಿದ್ಯುತ್ ಧಾರಣೆಯಲ್ಲಾಗುವ ವ್ಯತ್ಯಾಸವೇ ಅದಕ್ಕೆ ಸೂಚನೆ. ಒತ್ತಿದ ಬಲವನ್ನೂ ಅರಿಯುವ ಗಾಜನ್ನು ಆಪಲ್ ಸಂಸ್ಥೆಯು 2015ರಲ್ಲಿ ತನ್ನ ಐಫೋನಿಗೆ ಅಳವಡಿಸಿತು. 2019ರ ಹೊಸ ಮಾದರಿಗಳಲ್ಲಿ ಅದನ್ನು ಕೈಬಿಟ್ಟಿತು. ಅದಿಲ್ಲದೆಯೂ ಜನರ ಕೆಲಸ ನಡೆಯಿತು. ಆದರೆ ಬೆರಳಿಗೆ ಬೇಡವಾದ ಈ ವಿದ್ಯೆಯು ಬೆನ್ನಿಗೆ ಬೇಕಾಗಿದೆ.

ಏಕೆಂದರೆ, ಮಲಗಿದ ಮನುಷ್ಯನ ಭಾರವು ಮೈಯಗಲಕ್ಕೂ ಸಮನಾಗಿ ಹಂಚಿಹೋಗುವುದಿಲ್ಲ. ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ, ಹೆಗಲೆಲುಬು, ತಲೆಯ ಹಿಂಭಾಗ, ಇಂತಹ ಎಲುಬು ಉಬ್ಬಿದ ತಾಣಗಳಲ್ಲಿ ಅದು ಸೇರಿಕೊಳ್ಳುತ್ತದೆ. ಅಲ್ಲಿನ ಚರ್ಮಕ್ಕೆ ಅನ್ನ ನೀರು ಒಯ್ಯುವ ರಕ್ತನಾಳಗಳು ಕೂದಲಿಗಿಂತ ಸಪುರ. ಅಮೆರಿಕದ ಲ್ಯಾಂಡಿಸ್ ಎಂಬ ವೈದ್ಯವಿಜ್ಞಾನಿಯು 1930ರಲ್ಲಿ ಬೆರಳಿನ ಉಗುರ ಬಳಿ ಅಳೆದಾಗ, ಅಂತಹ ನಾಳದ ಮೊದಲ ಭಾಗದಲ್ಲಿ ರಕ್ತದ ಒತ್ತಡವು ಸರಾಸರಿ 32 ಮಿಲಿಮೀಟರ್ ಪಾದರಸದಷ್ಟಿತ್ತು. ಹೊರಗಿನಿಂದ ಬಹಳ ಹೊತ್ತು ಅದುಮಿದರೆ ನಾಳ ಮುಚ್ಚುತ್ತದೆ, ಮಾಂಸವು ಉಸಿರುಗಟ್ಟಿ ಸಾಯುತ್ತದೆ. ಹಾಸಿಗೆ ಹುಣ್ಣು ಹುಟ್ಟುವುದು ಹೀಗೆ. ಆರೋಗ್ಯವಂತರಿಗೆ ಇದು ಆಗದು. ನಿದ್ರೆಯಲ್ಲಿಯೂ ಚರ್ಮವು ಎಚ್ಚರಿಸುತ್ತದೆ, ನಾವು ಅರಿಯದೆಯೇ ಮಗ್ಗುಲಾಗುತ್ತೇವೆ. ಚರ್ಮದ ಸ್ಪರ್ಶಜ್ಞಾನಕ್ಕೆ ಮೂಲವಾದ ಪ್ರೋಟೀನನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಎಂಬವರಿಗೆ, ಡೇವಿಡ್ ಜೂಲಿಯಸ್ ಅವರೊಡನೆ, 2021ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆ ಪ್ರೋಟೀನಿಗೂ ಅವರಿಟ್ಟ ಹೆಸರು ಪೀಜೋ.

ಸ್ಪರ್ಶಜ್ಞಾನವೇ ಅಳಿದವರ ಗತಿಯೇನು? ಇದನ್ನು ಬಹುವಾಗಿ ಚಿಂತಿಸಿದವರು ಡಾಕ್ಟರ್ ಪಾಲ್ ಬ್ರಾಂಡ್. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದ ಅವರು 1946ರಿಂದ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದರು. ರೋಗಿಗಳ ಬೆರಳುಗಳು ತಾವಾಗಿ ಕೊಳೆತು ಉದುರುವುದಿಲ್ಲ, ನೋವು ತಿಳಿಯದ ಕಾರಣ ಆಗುವ ಗಾಯಗಳಿಂದ ಸವೆದುಹೋಗುತ್ತವೆ ಎಂದು ಅವರು ಜಗತ್ತಿಗೆ ತೋರಿಸಿಕೊಟ್ಟರು. 1966ರಲ್ಲಿ ಅಮೆರಿಕದ ಕಾರ್ವಿಲ್ಲಿಗೆ ಹೋದ ಮೇಲೆ, ಅವರೂ ಸಂಗಡಿಗರೂ ಒತ್ತಡವನ್ನರಿಯುವ ಕೈಚೀಲ, ಕಾಲುಚೀಲಗಳನ್ನು ಮಾಡಿ, ಒತ್ತಡ ಮಿತಿಮೀರಿದರೆ ಎಚ್ಚರಿಕೆಯ ಸದ್ದು ಕೇಳುವಂತೆ ಏರ್ಪಡಿಸಿದರು. ರೋಗಿಗಳು ಸದ್ದನ್ನು ಗಣಿಸಲಿಲ್ಲ. ಬಳಿಕ ಕಂಕುಳಿಗೆ ವಿದ್ಯುತ್ತಿನ ಸಣ್ಣ ಹೊಡೆತ ತಗಲುವಂತೆ ಮಾಡಿದರು. ಆಗ ಅವರು ಬಿರುಸಿನ ಕೆಲಸಕ್ಕೆ ಮೊದಲು ಯಂತ್ರವನ್ನು ಆರಿಸಿ, ಕೆಲಸ ಮುಗಿದ ಮೇಲೆ ಮತ್ತೆ ಹಚ್ಚಿಕೊಂಡರು! ಯಂತ್ರವು ತಿಳಿಸಬಲ್ಲುದು, ಕಿವಿಗೊಟ್ಟು ನಡೆಯುವ ಮನಸ್ಸನ್ನು ಅದು ಕೊಡಲಾರದು ಎಂಬುದು ಈ ಪ್ರಯೋಗದಿಂದ ಸಿದ್ಧವಾಯಿತು.

ಬಂಧುಗಳೆ, ಇದು ದೂರದ ಕಥೆಯಲ್ಲ. ನಮ್ಮದು ಅಡಕೆಯ ನಾಡು. ಗೊನೆ ಕೊಯ್ಯಲು ಮರವೇರಿ ಜಾರಿಬಿದ್ದು, ಬೆನ್ನುಹುರಿ ಮುರಿದು, ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರನ್ನು ಕಾಣದ ಗ್ರಾಮ ನಮ್ಮಲ್ಲಿ ಅಪೂರ್ವ. 2000ದವರೆಗೆ ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸಿದ ಊರುಗಳಲ್ಲಿ ಹಾಸಿಗೆಯಿಂದ ಏಳಲಾರದೆ ಬೆಳೆದ ಮಕ್ಕಳಿದ್ದಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಸೋದರಮಾವನವರೇ ಮರದಿಂದ ಬಿದ್ದರು. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಆರೈಕೆಯ ಕ್ರಮವನ್ನು ಅಚ್ಚು ಮಾಡಿದ ಒಂದು ಹಾಳೆಯನ್ನು ಕೊಟ್ಟರು. ಅದು ಮಲಯಾಳದಲ್ಲಿತ್ತು. ನಮ್ಮ ಅತ್ತೆಯವರು ಆ ಭಾಷೆಯನ್ನು ಆಡಬಲ್ಲರು, ಓದಲರಿಯರು. ಅವರು ಕಲಿತದ್ದು ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ. ಹಾಳೆಯನ್ನು ಮಡಿಸಿ ಜೋಪಾನವಾಗಿ ಹಾಸಿಗೆಯ ಕೆಳಗಿಟ್ಟರು. ನಾವು ವಾರಕ್ಕೊಮ್ಮೆ ಹೋಗಿ ಕುಶಲ ವಿಚಾರಿಸಿ ಬರುತ್ತಿದ್ದೆವು. ಮಲಯಾಳ ಓದಬಲ್ಲ ನಾವು ಆ ಹಾಳೆಯನ್ನು ಕೇಳಿ ನೋಡಲಿಲ್ಲ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಅದರಲ್ಲಿ ಬರೆದಿತ್ತೆಂಬುದು, ಬೆನ್ನ ಬುಡದ ಹುಣ್ಣು ಎಲುಬಿನವರೆಗೆ ಇಳಿದ ಮೇಲೆ ನಮಗೆ ತಿಳಿಯಿತು. ಪಂಪನ ಪದ್ಯಕ್ಕೆ ಅನ್ವಯ ಹೇಳುವ ವಿದ್ವಾಂಸನಿಂದ ಸ್ವಂತ ಅತ್ತೆಗೆ ನಾಲ್ಕು ಸಾಲಿನ ಅನುವಾದ ಆಗಲಿಲ್ಲ. ದೋಷವು ಹಾಳೆ ಕೊಟ್ಟವರದು ಎಷ್ಟೋ, ನಮ್ಮದು ಅದಕ್ಕಿಂತ ಹೆಚ್ಚು.

ಹುಣ್ಣು ಮಾಯಲು ಹನ್ನೊಂದು ತಿಂಗಳು ಹಿಡಿಯಿತು. ಅನಂತರ ದೂರದ ಆಸ್ಪತ್ರೆಯೊಂದರಲ್ಲಿ ಗಾಲಿಕುರ್ಚಿಗೆ ಮೆತ್ತೆ ಆರಿಸುವಾಗ ಮಾವನವರನ್ನು ಒತ್ತಡವನ್ನರಿಯುವ ಹಾಸಿನ ಮೇಲೆ ಕುಳ್ಳಿರಿಸಿದರು. ತೆರೆಯ ಮೇಲೆ ಎಡಗಡೆಯ ಪೃಷ್ಠದೆಲುಬಿನ ಕೆಳಗೆ ಕೆಂಡದಂತೆ ಕೆಂಪು ಮೂಡಿತು. ಮೆತ್ತೆ ಬದಲಿಸಿದಾಗ ಕೆಂಪು ಹಳದಿಯಾಯಿತು. ಮುಂದಕ್ಕೆ ಬಾಗಿಸಿದಾಗ ಹಳದಿ ನೀಲಿಯಾಯಿತು. "ಹೀಗೋ ವಿಷಯ!" ಎಂದರು ಅತ್ತೆ. ಆ ಚಿತ್ರಕ್ಕೆ ಲಿಪಿ ಬೇಕಿರಲಿಲ್ಲ. ಮನೆಗೆ ಬಂದ ಸಂಜೆಯೇ ಅವರು ನಮ್ಮಿಂದ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಎಡ, ಬಲ, ಅಂಗಾತ ಎಂದು ಗಂಟೆಸಹಿತ ಬರೆಯಿಸಿ ಗೋಡೆಗೆ ಹಾಕಿದರು. ಅಂದಿನಿಂದ ಮಾವನವರ ಮೈಯಲ್ಲಿ ಹೊಸ ಹುಣ್ಣು ಏಳಲಿಲ್ಲ.

ಇಂತಹ ಹಾಸು ಪ್ರತಿ ಮನೆಗೂ ಬರಲಾರದು, ಬರಬೇಕಾಗಿಯೂ ಇಲ್ಲ. ಅದು ಕಲಿಸಿದ ಪಾಠವು ಬಂದರೆ ಸಾಕು. ಮಗ್ಗುಲು ಬದಲಿಸುವುದನ್ನು ತಪ್ಪಿಸಬಾರದು; ಗಾಳಿಹಾಸಿಗೆ ಇದ್ದರೂ ತಪ್ಪಿಸಬಾರದು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಯನ್ನು ಹಾಸಿಗೆಗೆ ತಗಲದಂತೆ ಎತ್ತಿಡಬೇಕು. ದಿನವೂ ಎಲುಬುಬ್ಬಿದ ಜಾಗಗಳನ್ನು ನೋಡಬೇಕು. ಕೆಂಪಾದ ತಾಣವನ್ನು ಬೆರಳಿಂದ ಮೆಲ್ಲನೆ ಒತ್ತಿ ಬಿಟ್ಟಾಗ ಬಿಳಿಚಿಕೊಳ್ಳದಿದ್ದರೆ ಅದು ಹುಣ್ಣಿನ ಮೊದಲ ಸೂಚನೆ. ಕಪ್ಪು ಮೈಯಲ್ಲಿ ಕೆಂಪು ಕಾಣದು. ಅಲ್ಲಿ ಬಿಸಿಯೋ ಗಡಸೋ ಎಂದು ಮುಟ್ಟಿ ತಿಳಿಯಬೇಕು. ಅಂತಹ ಜಾಗವನ್ನು ತಿಕ್ಕಲಾಗದು. ಅದರ ಕೆಳಗೆ ಉಂಗುರದಂತಹ ದಿಂಬನ್ನು ಇಡಲೂ ಆಗದು.

ಸಂಘದಲ್ಲಿ ನಮ್ಮದೊಂದು ಬಿನ್ನಹ. ಈ ವರ್ಷ ಇಂತಹ ಹತ್ತು ಸಾಲುಗಳನ್ನು ವೈದ್ಯರಿಂದ ತಿದ್ದಿಸಿ, ದೊಡ್ಡ ಅಕ್ಷರದ ಕನ್ನಡದಲ್ಲಿ ಅಚ್ಚುಹಾಕಿಸಿ, ಹಾಸಿಗೆ ಹಿಡಿದವರಿರುವ ಪ್ರತಿಯೊಂದು ಕನ್ನಡ ಮನೆಗೂ ಮುಟ್ಟಿಸೋಣ. ಮನೆಮನೆಗೆ ಬರುವ ಪಾಲಿಯೇಟಿವ್ ದಾದಿಯರ ಕೈಯಲ್ಲಿಯೂ ಕೊಡೋಣ. ಅವರು ಸಂತೋಷದಿಂದ ಒಯ್ಯುವರು. ಅನುವಾದದ ಕೆಲಸ ನಮ್ಮದಿರಲಿ. ಅದು ನಮ್ಮ ಮೇಲಿರುವ ಹಳೆಯ ಸಾಲ.

ನುಡಿಯನ್ನು ಉಳಿಸುವುದೆಂದರೆ ಉತ್ಸವಗಳಲ್ಲಿ ಹಾಡುವುದಷ್ಟೆ ಅಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ರೋಗಿಯ ಮಗ್ಗುಲು ಬದಲಿಸುವ ತಾಯಂದಿರಿಗೆ, ಗೋಡೆಯ ಮೇಲೆ ಓದಲು ಬರುವಂತಹ ಒಂದು ಹಾಳೆಯೂ ನುಡಿಸೇವೆಯೇ ಸರಿ.