ಏಳರ ಲೆಕ್ಕ

ಸಂಗೀತದ ವಿಷಯದಲ್ಲಿ ಮಾತನಾಡಲು ನನಗಿರುವ ಅಧಿಕಾರ ಬಹಳ ಸಣ್ಣದು. ನಾನು ಹಾಡುಗಾರನಲ್ಲ, ವಾದ್ಯಗಾರನೂ ಅಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ಊರುಗಳಲ್ಲಿ ಸರದಿಯ ಮೇಲೆ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಕಛೇರಿಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ತೊಡೆಯ ಮೇಲೆ ತಾಳ ಹಾಕುವ ಜನರಿರುತ್ತಾರಲ್ಲ, ಆ ಪಂಗಡಕ್ಕೆ ಸೇರಿದವನು. ಹೀಗೆ ತಾಳ ಹಾಕುವ ಕೈಗೆ ಒಂದು ಅಹಂಕಾರ ಅಂಟಿಕೊಂಡಿರುತ್ತದೆ. ಆ ಅಹಂಕಾರಕ್ಕೆ ಒಮ್ಮೆ ಬಿದ್ದ ಪೆಟ್ಟನ್ನೂ ಅದರಿಂದ ನಾನು ಕಲಿತದ್ದನ್ನೂ ಇಂದು ನಿಮ್ಮ ಮುಂದೆ ಹೇಳಿಕೊಳ್ಳಬೇಕೆಂದಿದ್ದೇನೆ.

ಅದು 1980ರ ಅಡಿಕೆ ಕೊಯ್ಲಿನ ಕಾಲ. ನನ್ನ ಅಣ್ಣನ ಮಗ ಆಗ ಕೊಪ್ಪದ ನಮ್ಮ ಮನೆಯಲ್ಲಿದ್ದುಕೊಂಡು ಓದುತ್ತಿದ್ದ. ಮಲೆನಾಡಿನ ಮನೆಗಳಲ್ಲಿ ಆ ದಿನಗಳ ರಾತ್ರಿಗಳು ಹೇಗಿದ್ದುವೆಂಬುದು ನಿಮ್ಮಲ್ಲಿ ಅನೇಕರಿಗೆ ನೆನಪಿದ್ದೀತು. ಅಂಗಳದಲ್ಲಿ ಗ್ಯಾಸ್‌ಲೈಟಿನ ಬೆಳಕು, ಸಾಲಾಗಿ ಮೆಟ್ಟುಕತ್ತಿಗಳು, ಅಡಿಕೆ ಸುಲಿಯುವ ಹತ್ತಿಪ್ಪತ್ತು ಜನ, ನಡುವೆ ಭದ್ರಾವತಿ ಆಕಾಶವಾಣಿಗೆ ಕಿವಿ ತೆರೆದ ಒಂದು ರೇಡಿಯೊ. ಅಂದು ರೇಡಿಯೊ ಕಾರ್ಯಕ್ರಮ ಮುಗಿದ ಮೇಲೆ ಹುಡುಗ ತನ್ನ ಪುಟ್ಟ ಟೇಪ್ ರೆಕಾರ್ಡರನ್ನು ತಂದು ಜಗಲಿಯ ಮೇಲಿಟ್ಟ. ಬೆಂಗಳೂರಿನ ಸ್ನೇಹಿತನೊಬ್ಬ ಕೊಟ್ಟ ಕ್ಯಾಸೆಟ್ಟು ಅದರಲ್ಲಿತ್ತು. ಗುಂಡಿ ಒತ್ತಿದೊಡನೆ ನಾಣ್ಯಗಳ ಸದ್ದು, ಕಾಗದ ಹರಿಯುವ ಸದ್ದು, ಅಂಗಡಿಯ ಹಣದ ಯಂತ್ರದ ಸದ್ದು, ಹೀಗೆ ಏನೇನೋ ಸುತ್ತಿ ಸುತ್ತಿ ಬರತೊಡಗಿದುವು. ಅದರ ಬೆನ್ನಿಗೇ ತಂತಿಯ ಒಂದು ದಪ್ಪ ನಾದ. “ಇದು ಸಂಗೀತವೋ, ಸಂತೆಯೋ?” ಎಂದು ನಾನು ಕೇಳಿದೆ. ಎಲ್ಲರೂ ನಕ್ಕರು. ಹುಡುಗನೂ ನಕ್ಕ, ಆದರೆ ಯಂತ್ರವನ್ನು ನಿಲ್ಲಿಸಲಿಲ್ಲ.

ಆಗ ಸಾಲಿನ ಕೊನೆಯಲ್ಲಿ ಕುಳಿತಿದ್ದ ಒಬ್ಬ ಮುದುಕ, ಯಾವ ಮೇಳ ಬಂದರೂ ಯಕ್ಷಗಾನ ತಪ್ಪಿಸದವನು, ಕತ್ತಿಯಿಂದ ಕೈ ತೆಗೆಯದೆಯೇ ಹೇಳಿದ: “ಅಯ್ಯಾ, ಇದು ತ್ರಿವುಡೆಯಲ್ಲವೆ?”

ತ್ರಿವುಡೆ ಯಕ್ಷಗಾನದ ಏಳು ಮಾತ್ರೆಗಳ ತಾಳ. ಕರ್ನಾಟಕ ಸಂಗೀತದಲ್ಲಿ ಏಳರ ಲೆಕ್ಕವನ್ನು ಮೂರು-ನಾಲ್ಕಾಗಿ ಒಡೆದು ‘ತಕಿಟ ತಕಧಿಮಿ’ ಎಂದು ಎಣಿಸುವ ಮಿಶ್ರಚಾಪು ತಾಳದ ಬಂಧು. ನಾನು ಮನಸ್ಸಿನಲ್ಲೇ ಎಣಿಸಿದೆ. ಮುದುಕ ಹೇಳಿದ್ದು ಸರಿಯಾಗಿತ್ತು. ತಾಳ ಬಲ್ಲೆನೆಂದು ಬೀಗುತ್ತಿದ್ದ ನಾನು ಎಣಿಸುವ ಗೊಡವೆಗೇ ಹೋಗಿರಲಿಲ್ಲ. ಆ ಕ್ಷಣದಲ್ಲಿ ನಾನು ಸೋಲೊಪ್ಪಬೇಕಾಗಿತ್ತು. ಅದರ ಬದಲು, “ತಾಳವಿದ್ದ ಮಾತ್ರಕ್ಕೆ ಸಂಗೀತವಾಗುವುದಿಲ್ಲ. ಅದನ್ನು ಆರಿಸು” ಎಂದು ಗದರಿದೆ. ಹುಡುಗ ಆರಿಸಿದ. ಆ ಬಳಿಕ ಅವನು ನಮ್ಮ ಮನೆಯಲ್ಲಿ ಇದ್ದಷ್ಟು ದಿನವೂ ಆ ಯಂತ್ರ ಮಾತನಾಡಲಿಲ್ಲ. ಓದು ಮುಗಿಸಿ ಬೆಂಗಳೂರಿಗೆ ಹೋದ. ಅಲ್ಲಿಂದ ಕೆಲಸದ ಮೇಲೆ ಜರ್ಮನಿಗೆ ಹೋದ. ಕಾಗದಗಳು ಬರುತ್ತಿದ್ದುವು. ಆದರೆ ಅವುಗಳಲ್ಲಿ ಸಂಗೀತದ ಸುದ್ದಿ ಮಾತ್ರ ಇರುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅವನಿಂದ ಒಂದು ಕ್ಯಾಸೆಟ್ಟು ಬಂತು. ಜೊತೆಗಿದ್ದ ಚೀಟಿಯಲ್ಲಿ ಎರಡೇ ಮಾತು: “ಇದರಲ್ಲಿ ಬೆಂಗಳೂರಿನವರೇ ಇದ್ದಾರೆ. ಇದನ್ನಾದರೂ ಕೇಳಿ.” ಆ ‘ಆದರೂ’ ಎಂಬ ಅವ್ಯಯ ನನ್ನನ್ನು ಚುಚ್ಚಿದಷ್ಟು ವ್ಯಾಕರಣದ ಬೇರಾವ ಪದವೂ ಚುಚ್ಚಿಲ್ಲ.

ಆ ಗಾನಮುದ್ರಿಕೆಯ ಹೆಸರು ‘ಜ್ಯೋತಿ’. 1983ರಲ್ಲಿ ಜರ್ಮನಿಯ ಇ.ಸಿ.ಎಂ. ಸಂಸ್ಥೆಯವರು ಹೊರತಂದದ್ದು. ಅದರಲ್ಲಿ ಸ್ಯಾಕ್ಸೋಫೋನ್ ಮತ್ತು ಕೊಳಲು ನುಡಿಸಿದವನು ಅಮೆರಿಕದ ಬಾಸ್ಟನ್ನಿನಲ್ಲಿ 1923ರಲ್ಲಿ ಹುಟ್ಟಿದ ಜಾಝ್ ವಾದಕ ಚಾರ್ಲಿ ಮರಿಯಾನೊ. ಅವನ ಜೊತೆಯವರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ಲಯವಾದ್ಯಗಳ ವಿದ್ಯಾಲಯದವರು. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಅವರ ಪತ್ನಿ ಆರ್.ಎ. ರಮಾಮಣಿಯವರ ಗಾಯನ, ಅವರೇ ರಚಿಸಿದ ಕೃತಿಗಳು. ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ. ಮೊದಲಿಗೆ ರಮಾಮಣಿಯವರ ಕಂಠವೊಂದೇ ಕೇಳಿಬರುತ್ತದೆ. ಆಮೇಲೆ ವಿದೇಶಿ ವಾದ್ಯ ಬರುತ್ತದೆ. ಅದು ಬರುವ ರೀತಿಯಲ್ಲಿ ಒಂದು ಸಂಕೋಚವಿದೆ, ಪರರ ಮನೆಯ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುವವನ ಸಂಕೋಚ. ಒಮ್ಮೆ ಒಳಗೆ ಬಂದ ಮೇಲೆ ಮಾತ್ರ ಅದು ಮನೆಯವನಂತೆಯೇ ಮಾತನಾಡುತ್ತದೆ.

ಈ ಸಲೀಸು ಮರಿಯಾನೊವಿಗೆ ಪುಕ್ಕಟೆಯಾಗಿ ಬಂದದ್ದಲ್ಲ. ನಾಗಸ್ವರದ ನಾದಕ್ಕೆ ಮನಸೋತು, ಜಾಝ್ ಲೋಕದಲ್ಲಿ ಹೆಸರು ಮಾಡಿದ ಮೇಲೆ, ಹೊಸ ವಿದ್ಯಾರ್ಥಿಯಾಗಿ ಅದನ್ನು ಕಲಿತವನು ಅವನು. ಮ್ಯೂನಿಕ್ ನಗರದ ‘ಎಂಬ್ರಿಯೊ’ ಎಂಬ ರಾಕ್ ತಂಡದೊಡನೆಯೂ ಅವನಿಗೆ ಒಡನಾಟವಿತ್ತು. ಕ್ರಿಶ್ಚಿಯನ್ ಬುರ್ಖಾರ್ಡ್ ಎಂಬಾತ 1969ರಲ್ಲಿ ಕಟ್ಟಿದ ಈ ತಂಡ 1978ರಲ್ಲಿ ಬಸ್ಸಿನಲ್ಲಿ ಹೊರಟು, ತುರ್ಕಿ, ಇರಾನ್, ಆಫ್ಘಾನಿಸ್ತಾನಗಳ ಮೂಲಕ ನೆಲದ ಮೇಲೆಯೇ ಭಾರತಕ್ಕೆ ಬಂತು. ಇರಾನಿನ ಕ್ರಾಂತಿಯೂ ಆಫ್ಘಾನಿಸ್ತಾನದ ಯುದ್ಧವೂ ಆ ದಾರಿಯನ್ನು ಮುಚ್ಚುವುದಕ್ಕೆ ಸ್ವಲ್ಪ ಮೊದಲಿನ ಮಾತಿದು. ಎಂಬ್ರಿಯೊ ಮತ್ತು ಬೆಂಗಳೂರಿನ ಈ ವಿದ್ಯಾಲಯ ಕೂಡಿ ಮಾಡಿದ ‘ಲೈಫ್’ ಎಂಬ ಗಾನಮುದ್ರಿಕೆ 1980ರಲ್ಲಿ ಪ್ರಕಟವಾಯಿತು. ನಾನು ಕೊಪ್ಪದ ಅಂಗಳದಲ್ಲಿ ಹುಡುಗನ ಯಂತ್ರವನ್ನು ಆರಿಸಿದ್ದು ಅದೇ ವರ್ಷ.

‘ಜ್ಯೋತಿ’ಯನ್ನು ಅನೇಕ ಸಲ ಕೇಳಿದ ಮೇಲೆ ಅವನಿಗೆ ಕಾಗದ ಬರೆದೆ: “ಅಂದು ನಿಲ್ಲಿಸಿದ ಕ್ಯಾಸೆಟ್ಟನ್ನೂ ಕಳಿಸು. ಅದರ ಜೊತೆಯವನ್ನೂ ಕಳಿಸು.” ಒಂದು ದೊಡ್ಡ ಪೊಟ್ಟಣವೇ ಬಂತು.

ಅಂದು ನಿಂತುಹೋದದ್ದು ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲಿಷ್ ತಂಡದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’. 1973ರ ಮುದ್ರಿಕೆ. ‘ಮನಿ’ ಎಂಬ ಆ ಹಾಡು ಏಳರ ಲೆಕ್ಕದಲ್ಲಿ ನಡೆದು, ಗಿಟಾರಿನ ಸರದಿ ಬಂದಾಗ ನಾಲ್ಕಕ್ಕೆ ತಿರುಗಿ, ಮತ್ತೆ ಏಳಕ್ಕೆ ಮರಳುತ್ತದೆ. ಜೆನೆಸಿಸ್ ತಂಡದ ‘ಫಾಕ್ಸ್‌ಟ್ರಾಟ್’ 1972ರದು. ಅದರ ‘ಸಪ್ಪರ್ಸ್ ರೆಡಿ’ ಎಂಬ ಒಂದೇ ರಚನೆ ಇಪ್ಪತ್ತೆರಡು ನಿಮಿಷಗಳನ್ನೂ ಮೀರುತ್ತದೆ. ಅದರ ಒಂದು ಭಾಗದ ನಡೆ ಒಂಬತ್ತರದು, ನಮ್ಮವರು ಸಂಕೀರ್ಣವೆನ್ನುವ ಜಾತಿ. ಮೂರು ನಿಮಿಷದ ಕುಣಿತದ ಹಾಡಿನ ಚೌಕಟ್ಟನ್ನು ಒಡೆದು, ಒಂದು ತಟ್ಟೆಯ ಇಡೀ ಮಗ್ಗುಲನ್ನು ಒಂದೇ ಕೃತಿಯಂತೆ ಕಟ್ಟಲು ಹೊರಟ ಈ ಮಾರ್ಗಕ್ಕೆ ಪ್ರೊಗ್ರೆಸಿವ್ ರಾಕ್ ಎಂದು ಹೆಸರು.

ಇವನ್ನು ಕೇಳಲು ಬೇಕಾದ ಕೀಲಿಕೈಗಳು ನನ್ನ ಮೂರು ಊರುಗಳಲ್ಲಿಯೇ ಇದ್ದುವೆಂಬುದು ನನಗೆ ತಡವಾಗಿ ಹೊಳೆಯಿತು. ಕೊಪ್ಪದ ತ್ರಿವುಡೆಯ ವಿಚಾರ ಆಗಲೇ ಹೇಳಿದೆ. ಶೃಂಗೇರಿಯಲ್ಲಿದ್ದಾಗ ಬೆಳಗಿನ ಹೊತ್ತು ವೇದಪಾಠಶಾಲೆಯ ಕಡೆಯಿಂದ ಘನಪಾಠ ಕೇಳಿಬರುತ್ತಿತ್ತು. ಘನದಲ್ಲಿ ಪದಗಳು ನೇರವಾಗಿ ಸಾಗುವುದಿಲ್ಲ. ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತೆ ಒಂದು-ಎರಡು-ಮೂರು, ಹೀಗೆ ಹಿಂದುಮುಂದಾಗಿ ಹೆಣೆದುಕೊಳ್ಳುತ್ತ ಹೋಗುತ್ತವೆ. ಪಾಠ ಕೆಡದಿರಲೆಂದು ಹಿರಿಯರು ಹೂಡಿದ ಉಪಾಯವದು. ನಿಯಮ ಬಿಗಿಯಾದಷ್ಟೂ ಧ್ವನಿಯ ವಿನ್ಯಾಸ ವಿಚಿತ್ರವಾಗುತ್ತದೆಂಬುದನ್ನು ನಾನು ವರ್ಷಗಟ್ಟಲೆ ಕೇಳಿದ್ದೆ, ಆದರೆ ಗಮನಿಸಿರಲಿಲ್ಲ. ನರಸಿಂಹರಾಜಪುರದಲ್ಲಿ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳಿವೆ. ಅಲ್ಲಿ ಒಂದು ಭಾನುವಾರ, ಇಗರ್ಜಿಯ ಹೊರಗೆ ಮಳೆಗೆ ನಿಂತವನ ಕಿವಿಗೆ ಒಂದೇ ಹಾಡು ಎರಡು ಎತ್ತರದ ಕಂಠಗಳಲ್ಲಿ ಏಕಕಾಲಕ್ಕೆ ಬಿತ್ತು. ಶ್ರುತಿ ತಪ್ಪಿದೆಯೆಂದು ಮೊದಲು ಎಣಿಸಿದೆ. ಮಳೆ ಬಿಡಲಿಲ್ಲವಾದ್ದರಿಂದ ನಿಂತು ಕೇಳಬೇಕಾಯಿತು. ಕೇಳುತ್ತ ಕೇಳುತ್ತ ಎರಡು ಸ್ವರಗಳು ಒಂದರ ಮೈಮೇಲೊಂದು ಬೀಳದೆ ಜೊತೆಯಾಗಿ ನಿಲ್ಲುವುದು ತಿಳಿಯಿತು.

ಹಾಗೆಂದು ಆ ಪೊಟ್ಟಣದಲ್ಲಿದ್ದುದೆಲ್ಲ ನನಗೆ ಒಪ್ಪಿಗೆಯಾಯಿತೆಂದಲ್ಲ. ಕಿಂಗ್ ಕ್ರಿಮ್ಸನ್ ತಂಡದ 1973ರ ‘ಲಾರ್ಕ್ಸ್ ಟಂಗ್ಸ್ ಇನ್ ಆಸ್ಪಿಕ್’ ಎಂಬ ಮುದ್ರಿಕೆಯಲ್ಲಿ ಜೇಮೀ ಮ್ಯೂರ್ ಎಂಬ ವಾದಕ ಗಂಟೆ, ಸರಪಳಿ, ತಗಡಿನ ಹಾಳೆಗಳನ್ನೆಲ್ಲ ನುಡಿಸಿದ್ದಾನೆ. ಅದು ಪ್ರಕಟವಾಗುವ ಹೊತ್ತಿಗೆ ಅವನು ತಂಡವನ್ನು ತೊರೆದಿದ್ದ. ಮುಂದೆ ಸ್ಕಾಟ್ಲೆಂಡಿನ ಬೌದ್ಧ ಮಠವೊಂದನ್ನು ಸೇರಿದ. ಯೆಸ್ ಎಂಬ ಮತ್ತೊಂದು ತಂಡದ ಗಾಯಕ ಜಾನ್ ಆಂಡರ್ಸನ್‌ಗೆ ಪರಮಹಂಸ ಯೋಗಾನಂದರ ಆತ್ಮಕಥೆಯನ್ನು ಪರಿಚಯಿಸಿದವನು ಇದೇ ಮ್ಯೂರ್. ಆ ಪುಸ್ತಕದ ಒಂದು ಅಡಿಟಿಪ್ಪಣಿಯಲ್ಲಿ ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂಬ ನಾಲ್ಕು ವಿಭಾಗಗಳ ಪ್ರಸ್ತಾಪ ಬರುತ್ತದೆ. ಅಷ್ಟನ್ನೇ ಆಧಾರವಾಗಿಟ್ಟುಕೊಂಡು ಎರಡು ತಟ್ಟೆಗಳ ನಾಲ್ಕು ಮಗ್ಗುಲುಗಳಲ್ಲಿ, ಸುಮಾರು ಎಂಬತ್ತು ನಿಮಿಷಗಳ ‘ಟೇಲ್ಸ್ ಫ್ರಮ್ ಟೋಪೊಗ್ರಾಫಿಕ್ ಓಷನ್ಸ್’ ಎಂಬ ಕೃತಿ 1973ರಲ್ಲಿಯೇ ತಯಾರಾಯಿತು. ತಂಡದ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್‌ಗೆ ಅದು ರುಚಿಸಲಿಲ್ಲ. ಕಚೇರಿಯ ನಡುವೆಯೇ ವೇದಿಕೆಯ ಮೇಲೆ ಊಟ ಮಾಡಿದೆನೆಂದು ಅವನೇ ಹೇಳಿಕೊಂಡಿದ್ದಾನೆ. ಮರುವರ್ಷ ತಂಡವನ್ನೂ ಬಿಟ್ಟ. ಶೃಂಗೇರಿಯಲ್ಲಿ ಶ್ರುತಿ ಎಂಬ ಮಾತನ್ನು ದಿನವೂ ಕೇಳುತ್ತಿದ್ದವನಿಗೆ ಆ ಅಡಿಟಿಪ್ಪಣಿಯ ಸಾಹಸ ಸ್ವಲ್ಪ ನಗೆಯನ್ನೇ ತರಿಸಿತು. ಕೃತಿಯಲ್ಲಿ ಚೆಲುವಾದ ಎಡೆಗಳಿವೆ. ಆದರೆ ಶ್ರುತಿಯಾಗಲಿ ಸ್ಮೃತಿಯಾಗಲಿ ಅದರ ನಾದದೊಳಕ್ಕೆ ಇಳಿದಿಲ್ಲ, ಹೊದಿಕೆಯ ಮೇಲೆಯೇ ನಿಂತಿವೆ.

ಇದರ ಪಕ್ಕಕ್ಕೆ ಜಾನ್ ಮೆಕ್‌ಲಾಫ್ಲಿನ್ ಎಂಬ ಗಿಟಾರ್ ವಾದಕನನ್ನು ಇಡಬಹುದು. 1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿ ಕಿವಿಗಡಚಿಕ್ಕುವಂತೆ ನುಡಿಸಿದವನು, ಡಾ. ಎಸ್. ರಾಮನಾಥನ್ ಅವರಲ್ಲಿ ವೀಣೆಯ ಪಾಠ ಹೇಳಿಸಿಕೊಂಡು, 1975ರ ಹೊತ್ತಿಗೆ ವಿದ್ಯುತ್ತಿನ ಅಬ್ಬರವನ್ನು ಬಿಟ್ಟು, ಎಲ್. ಶಂಕರ್, ಝಾಕಿರ್ ಹುಸೇನ್, ಟಿ.ಎಚ್. ವಿನಾಯಕರಾಮ್ ಅವರೊಡನೆ ‘ಶಕ್ತಿ’ ತಂಡದಲ್ಲಿ ನೆಲದ ಮೇಲೆ ಕುಳಿತ. ಮರಿಯಾನೊ ಮಾಡಿದ್ದೂ ಇದನ್ನೇ. ಸಾಹಸವೆಂದರೆ ದೂರ ಹೋಗುವುದೆಂದು ನಾವು ಎಣಿಸುತ್ತೇವೆ. ಈ ಇಬ್ಬರನ್ನು ಕೇಳಿದ ಮೇಲೆ, ಬಲ್ಲವನೆಂಬ ಹೆಸರನ್ನು ಬದಿಗಿಟ್ಟು ಮತ್ತೆ ಒಂದರಿಂದ ಎಣಿಸಲು ಕೂರುವುದೇ ಸಾಹಸವೆಂದು ನನಗೆ ತೋರಿದೆ. ಬೆಂಗಳೂರಿನವರಿಗೂ ಇದು ಸುಲಭವಾಗಿರಲಾರದು. ರಮಾಮಣಿಯವರು ಕಛೇರಿಯ ಕ್ರಮವನ್ನೇ ಆಶ್ರಯಿಸದೆ, ಪರದೇಶದ ವಾದ್ಯಕ್ಕೂ ಉಸಿರಾಡಲು ಎಡೆಯಿರುವಂತೆ ಹೊಸ ರಚನೆಗಳನ್ನು ಮಾಡಬೇಕಾಯಿತು.

ಇದನ್ನೆಲ್ಲ ನನ್ನ ಅಣ್ಣನ ಮಗನಿಗೆ ಬರೆದು, ಮೆಚ್ಚುಗೆಯನ್ನು ನಿರೀಕ್ಷಿಸಿ ಕುಳಿತೆ. ಅವನ ಉತ್ತರ ಹೀಗಿತ್ತು: “ನಮ್ಮ ತಾಳ, ನಮ್ಮ ರಾಗ ಇರುವುದರಿಂದ ನೀವು ‘ಜ್ಯೋತಿ’ಯನ್ನು ಮೆಚ್ಚಿದಿರಿ. ಬೇರೆಯವರು ನಮ್ಮದನ್ನು ಕಲಿತರೆ ನಿಮಗೆ ಸಂತೋಷ. ಅವರದನ್ನು ಅವರದೆಂದೇ ಕೇಳಲು ನೀವು ಏನನ್ನು ಕಲಿತಿರಿ?” ಈ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಏಳನ್ನು ತ್ರಿವುಡೆಯೆಂದು ಗುರುತಿಸಿದ್ದು ಬಾಗಿಲು ತೆರೆಯಲು ಸಾಕು. ಆದರೆ ಪಿಂಕ್ ಫ್ಲಾಯ್ಡಿನ ಏಳು ತ್ರಿವುಡೆಯಲ್ಲ. ಹಣವನ್ನು ಕುರಿತ ಆ ಹಾಡಿನಲ್ಲಿ ಹೆಜ್ಜೆಯೊಂದು ಕಡಿಮೆಯಾದಂತೆ ಎಡವುವ ಆ ನಡೆಗೆ ಅದರದೇ ಆದ ವ್ಯಂಗ್ಯವಿದೆ. ಅದನ್ನು ಕೇಳಲು ನಾನು ತೊಡೆಯ ಮೇಲಿನ ಕೈಯನ್ನು ನಿಲ್ಲಿಸಬೇಕಾಯಿತು. ಎಂಬತ್ತರ ಹೊಸ್ತಿಲಲ್ಲಿರುವ ನಾನು ಈ ಪಾಠವನ್ನು ಪೂರ್ತಿ ಕಲಿತೆನೆಂದು ಈಗಲೂ ಹೇಳಲಾರೆ.

ಇಂದು ಬೆಂಗಳೂರಿನ ತರುಣರಿಗೆ ಈ ಗೊಂದಲವೇ ಇದ್ದಂತಿಲ್ಲ. ಅಲ್ಲಿನ ‘ಅಗಂ’ ಎಂಬ ತಂಡ 2012ರಲ್ಲಿ ‘ದಿ ಇನ್ನರ್ ಸೆಲ್ಫ್ ಅವೇಕನ್ಸ್’ ಎಂಬ ಮುದ್ರಿಕೆಯಲ್ಲಿ ಕರ್ನಾಟಕ ಸಂಗೀತವನ್ನೂ ಪ್ರೊಗ್ರೆಸಿವ್ ರಾಕ್ ಮಾರ್ಗವನ್ನೂ ಒಂದೇ ಒಲೆಯ ಮೇಲಿಟ್ಟಿತು. ಸಂಪ್ರದಾಯಸ್ಥರಲ್ಲಿ ಕೆಲವರು ಮುಖ ಸಿಂಡರಿಸುತ್ತಾರೆ. ಅವರನ್ನು ನೋಡಿದಾಗ ನನಗೆ ಹಳೆಯ ಕನ್ನಡಿಯೊಂದನ್ನು ನೋಡಿದಂತಾಗುತ್ತದೆ.

ಕಳೆದ ಚಳಿಗಾಲದಲ್ಲಿ ಅಣ್ಣನ ಮಗ ಊರಿಗೆ ಬಂದಿದ್ದ. ಅವನ ತಲೆಯೂ ನರೆತಿದೆ. ಅಂಗಳದಲ್ಲೀಗ ಅಡಿಕೆಯನ್ನು ಯಂತ್ರ ಸುಲಿಯುತ್ತದೆ. ಮೆಟ್ಟುಕತ್ತಿಗಳು ಅಟ್ಟ ಸೇರಿವೆ. ತ್ರಿವುಡೆಯನ್ನು ಗುರುತಿಸಿದ ಆ ಮುದುಕ ಹೋಗಿ ಬಹಳ ಕಾಲವಾಯಿತು. ಅವನಿಗೆ ನಾನು ಅಂದು ಹೇಳಬೇಕಾಗಿದ್ದ ‘ಹೌದು’ ಎಂಬ ಮಾತು ಹೇಳದೆಯೇ ಉಳಿಯಿತು. ರಾತ್ರಿ ಊಟವಾದ ಮೇಲೆ, “ಆ ಹಾಡು ಇದೆಯೇನು?” ಎಂದು ಕೇಳಿದೆ. ಅವನು ತನ್ನ ಫೋನಿನಲ್ಲಿ ಹುಡುಕಿ ಹಚ್ಚಿದ. ನಾಣ್ಯಗಳ ಸದ್ದು ಸುತ್ತತೊಡಗಿತು. ಈ ಸಲ ಕೊನೆಯವರೆಗೂ ಕೇಳಿದೆವು. ಮುಗಿದ ಮೇಲೆ ಅವನು ಏನನ್ನೂ ಕೇಳಲಿಲ್ಲ, ನಾನೂ ಏನನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಇನ್ನೊಂದು ಹಾಕಲೆ?” ಎಂದ. “ಹಾಕು” ಎಂದೆ.