ವುಜೂ ಮಾಡುವಾಗ ಪಾದವನ್ನೂ ನೋಡಿಕೊಳ್ಳಿ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಸಾವನದುರ್ಗವನ್ನು ನೀವೆಲ್ಲ ನೋಡಿದ್ದೀರಿ. ಅಲ್ಲಿನ ಗುಡಿಗಳಿಗೆ ಬಂದವರಾಗಲಿ, ಸೈಯದ್ ಗುಲಾಮ್ ಖಾದ್ರಿಯವರ ದರ್ಗಾಕ್ಕೆ ಬಂದವರಾಗಲಿ, ಚಪ್ಪಲಿ ಬಿಟ್ಟೇ ನಡೆಯುತ್ತಾರೆ. ಮಧ್ಯಾಹ್ನ ಬಂಡೆ ಕಾದ ಹೆಂಚಿನಂತಾದಾಗ ನೀವು ನೆರಳಿಗೆ ಓಡುತ್ತೀರಿ. ಆದರೆ ಬಹುಕಾಲದಿಂದ ಸಕ್ಕರೆ ಕಾಯಿಲೆ ಇರುವ ಕೆಲವರಿಗೆ ಆ ಬಿಸಿ ತಿಳಿಯುವುದೇ ಇಲ್ಲ.

ನಮ್ಮ ಪರಿಚಯದ ಒಬ್ಬ ರೇಷ್ಮೆ ನೂಲು ಬಿಚ್ಚಾಣಿಕೆ ಕೆಲಸಗಾರರಿಗೆ ಹೀಗೆಯೇ ಆಯಿತು. ಅಂಗಾಲಿನಲ್ಲಿ ಬೊಬ್ಬೆ ಎದ್ದದ್ದು ಗೊತ್ತಾಗಲಿಲ್ಲ. ಅದು ಹುಣ್ಣಾಯಿತು. ಮೊದಲು ಕೆಲಸ ಹೋಯಿತು. ಆಮೇಲೆ ವಾಸನೆಗೆ ನಾಚಿ ಮದುವೆ ಮನೆಗಳಿಗೆ ಹೋಗುವುದನ್ನೂ, ಜುಮಾ ನಮಾಜಿಗೆ ಮಸೀದಿಗೆ ಬರುವುದನ್ನೂ ಬಿಟ್ಟರು. ಕಟ್ಟು ಬದಲಾಯಿಸಲು ಮಗಳು ಶಾಲೆ ಬಿಟ್ಟು ಮನೆಯಲ್ಲಿ ಉಳಿದಳು. ಅವಳು ನನ್ನ ತರಗತಿಯಲ್ಲಿದ್ದವಳು. ಆದ್ದರಿಂದಲೇ ವಿದ್ಯಾಸಂಘದ ವೇದಿಕೆಯಲ್ಲಿ ಈ ವಿಷಯ ಎತ್ತಿದ್ದೇನೆ. ಹುಣ್ಣು ಒಬ್ಬರ ಪಾದದಲ್ಲಿ, ನೋವು ಇಡೀ ಮನೆಗೆ.

ರಕ್ತದಲ್ಲಿ ಸಕ್ಕರೆ ಹೆಚ್ಚಾಗಿಯೇ ಉಳಿದರೆ ಪಾದದ ನರಗಳು ಸ್ಪರ್ಶಜ್ಞಾನ ಕಳೆದುಕೊಳ್ಳುತ್ತವೆ, ರಕ್ತನಾಳಗಳು ಕಿರಿದಾಗುತ್ತವೆ. ಗಾಯ ತಿಳಿಯುವುದಿಲ್ಲ, ಆದ ಗಾಯ ಬೇಗ ಮಾಯುವುದಿಲ್ಲ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದ ಡಾ. ಪಾಲ್ ಬ್ರಾಂಡ್ ಇದನ್ನೇ ತೋರಿಸಿಕೊಟ್ಟರು: ನೋವು ತಿಳಿಯದ ಕಾಲಿನಿಂದಲೇ ನಡೆಯುತ್ತಿದ್ದರೆ ಆ ಕಾಲು ಹಾಳಾಗುತ್ತದೆ. ನೋವು ನಮ್ಮ ಶತ್ರುವಲ್ಲ, ಕಾವಲುಗಾರ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಮಧುಮೇಹಿಗಳಲ್ಲಿ ಸುಮಾರು ಮೂರರಿಂದ ಐದು ಜನರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಪಾದದ ಹುಣ್ಣು ಆಗಬಹುದೆಂದು ವೈದ್ಯರು ಅಂದಾಜಿಸಿದ್ದಾರೆ. ಮಾಯ್ದ ಹುಣ್ಣು ವರ್ಷದೊಳಗೆ ಮರಳುವುದೂ ಸಾಮಾನ್ಯ.

ಹಾಗಾದರೆ ನಾವು ಮಾಡಬೇಕಾದದ್ದೇನು? ವುಜೂ ಮಾಡುವಾಗ ನಮ್ಮ ಕೈ ದಿನಕ್ಕೆ ಐದು ಸಲ ಪಾದಕ್ಕೆ ಹೋಗುತ್ತದೆ, ಬೆರಳ ಸಂದಿಯನ್ನೂ ತೊಳೆಯುತ್ತದೆ. ಕೈ ಹೋದಲ್ಲಿಗೆ ಕಣ್ಣೂ ಹೋಗಲಿ. ಕೆಂಪಾಗಿದೆಯೇ, ಬೊಬ್ಬೆ ಇದೆಯೇ, ಚರ್ಮ ಬಿರಿದಿದೆಯೇ ನೋಡಿ. ತೊಳೆದ ಮೇಲೆ ಬೆರಳ ಸಂದಿಯನ್ನು ಒರೆಸಿ ಒಣಗಿಸಿ. ಬಿಸಿನೀರನ್ನು ಕಾಲಿನಿಂದ ಪರೀಕ್ಷಿಸಬೇಡಿ, ಮೊಣಕೈಯಿಂದ ಪರೀಕ್ಷಿಸಿ. ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ. ಗಾಯ ಕಂಡರೆ ಅರಿಶಿನ ಹಚ್ಚಿ ಕಾಯದೆ ಆ ದಿನವೇ ವೈದ್ಯರಲ್ಲಿಗೆ ಹೋಗಿ. ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಎಂಬ ಸರ್ಕಾರಿ ಸಂಸ್ಥೆಯಲ್ಲಿ ಪಾದ ಚಿಕಿತ್ಸೆಗೆಂದೇ ವಿಭಾಗವಿದೆ.

ಈಗಾಗಲೇ ಹುಣ್ಣು ಇರುವವರು ಮಸೀದಿಯಿಂದ ದೂರವಾಗಬೇಕಿಲ್ಲ. ಕಟ್ಟಿನ ಮೇಲೆ ಒದ್ದೆ ಕೈ ಸವರುವ ಮಸಹ್‌ಗೆ ಶರೀಅತ್ತಿನಲ್ಲಿ ಅವಕಾಶವಿದೆ, ನಿಲ್ಲಲಾಗದವರು ಕುಳಿತು ನಮಾಜ್ ಮಾಡಬಹುದು. ವಿವರವನ್ನು ಉಲಮಾಗಳಲ್ಲಿ ಕೇಳಿ. ಅವರ ಪಕ್ಕದಲ್ಲಿ ಕೂರಲು ಹಿಂಜರಿಯದಿರುವುದು ನಮ್ಮ ಕರ್ತವ್ಯ.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋದೊಡನೆ ದಾದಾ, ದಾದಿ, ನಾನಾ, ನಾನಿಯವರ ಪಾದವನ್ನು ದೀಪದ ಬೆಳಕಿನಲ್ಲಿ ಒಮ್ಮೆ ನೋಡಿ. ಅವರಿಗೆ ಬಗ್ಗಲಾಗದು, ಕಣ್ಣು ಮಂಜು. ನಿಮಗೆ ಅದು ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ಅವರ ಕಾಲನ್ನೂ, ನಿಮ್ಮ ಓದನ್ನೂ ಉಳಿಸೀತು. ಅಲ್ಲಾಹನು ನಮ್ಮೆಲ್ಲರಿಗೂ ಆರೋಗ್ಯ ಕರುಣಿಸಲಿ, ಆಮೀನ್.